ಆಂಟಿಬಾಡಿ ಪರೀಕ್ಷೆಗೆ ಯಾವ ಸಿಡಿ16ಎ ಪ್ರೋಟೀನು ತರಿಸಬೇಕು?

ಕಾಸರಗೋಡಿನ ಪೆರಿಯದಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ಇದನ್ನು ಕೇಳಿದ್ದೀರಿ. ಸಿಡಿ16ಎ ಅಂದರೆ ನಮ್ಮ ಎನ್‌ಕೆ ಕೋಶಗಳ (ನ್ಯಾಚುರಲ್ ಕಿಲ್ಲರ್ ಎಂಬ ರೋಗನಿರೋಧಕ ಕೋಶಗಳ) ಮೇಲಿರುವ ಗ್ರಾಹಕ, ಅಂದರೆ ರಿಸೆಪ್ಟರ್. ರಕ್ತದಲ್ಲಿ ಹೆಚ್ಚಾಗಿರುವ ಐಜಿಜಿ ಬಗೆಯ ಆಂಟಿಬಾಡಿಯ ಬಾಲವನ್ನು, ಅಂದರೆ ಎಫ್‌ಸಿ ಭಾಗವನ್ನು, ಹಿಡಿಯುವುದು ಇದೇ. ಮೊದಲು ಈ ಪ್ರೋಟೀನಿನ 158ನೇ ಜಾಗದ ಅಮೈನೋ ಆಮ್ಲ ನೋಡಿ. ಅಲ್ಲಿ ವ್ಯಾಲೀನ್ ಇದ್ದರೆ ಐಜಿಜಿ1 (ಐಜಿಜಿಯ ಒಂದು ಉಪಬಗೆ) ಗಟ್ಟಿಯಾಗಿ ಅಂಟುತ್ತದೆ, ಫಿನೈಲಲನೀನ್ ಇದ್ದರೆ ಹಿಡಿತ ಸಡಿಲ. ಜನರಲ್ಲಿ ಎರಡೂ ಬಗೆ ಇವೆ, ಹಾಗಾಗಿ ದುಡ್ಡು ಹೊಂದಿದರೆ ಎರಡನ್ನೂ ತರಿಸಿ.

ಎಚ್‌ಇಕೆ293 ಎಂಬ, ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳಲ್ಲಿ ತಯಾರಿಸಿದ್ದನ್ನೇ ಆರಿಸಿ. ಸಾಮಾನ್ಯ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಮಾಡಿದ ಪ್ರೋಟೀನಿಗೆ ಸಕ್ಕರೆ ಸರಪಳಿ ಇರುವುದಿಲ್ಲ. ಈ ಗ್ರಾಹಕದ ಹಿಡಿತದಲ್ಲಿ 162ನೇ ಜಾಗದ ಸಕ್ಕರೆಗೂ ದೊಡ್ಡ ಪಾಲಿದೆ.

ತರಿಸಿದ ಪ್ರೋಟೀನನ್ನು ದ್ರಾವಣ ಮಾಡಿದ ಕೂಡಲೇ ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ −80 ಡಿಗ್ರಿಯಲ್ಲಿಡಿ. ಪದೇ ಪದೇ ಕರಗಿ ಹೆಪ್ಪುಗಟ್ಟಿದರೆ ಕೆಡುತ್ತದೆ. ಆಟಿ ಮಳೆಗೆ ಕರೆಂಟ್ ಹೋಗುತ್ತಲೇ ಇರುತ್ತದಲ್ವಾ, ಫ್ರೀಜರ್‌ಗೆ ಜನರೇಟರ್ ಲೈನ್ ಇದೆಯೇ ಎಂದು ಈಗಲೇ ವಿಚಾರಿಸಿ.