ಮರಳುಗಾಡಿನ ಹಲ್ಲಿಗೆ ಕಪ್ಪೆ ಪಾದ ಯಾಕೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಓತಿಕ್ಯಾತ, ಹಾವುರಾಣಿ ದಿನಾ ಕಣ್ಣಿಗೆ ಬೀಳುತ್ತವೆ. ಮೊನ್ನೆ ಮಗಳು ಮೊಬೈಲಿನಲ್ಲಿ ಆಫ್ರಿಕಾದ ಮರಳುಗಾಡಿನ ಪುಟ್ಟ ಹಲ್ಲಿಯೊಂದನ್ನು ತೋರಿಸಿದಳು. ಬೆರಳುಗಳ ನಡುವೆ ಕಪ್ಪೆಗಿರುವಂಥದೇ ಚರ್ಮ! ಈಜಲು ನೀರೇ ಇಲ್ಲದ ಕಡೆ ಆ ಪಾದ ಯಾಕೆ? ಅದು ಕುಡಿಯುವುದಾದರೂ ಏನನ್ನು? ನಮ್ಮ ಕಡೆ ಬಿಟ್ಟರೆ ಬದುಕೀತೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಮಗಳು ತೋರಿಸಿದ್ದು ನಮೀಬ್ ಮರಳುಗಾಡಿನ ‘ವೆಬ್‌ಫೂಟೆಡ್ ಗೆಕೊ’. ಬಾಲ ಸೇರಿಸಿದರೂ ಗೇಣುದ್ದ ಇಲ್ಲ, ಸುಮಾರು 12 ಸೆಂಟಿಮೀಟರ್.

ಆ ಪಾದ ಈಜಲಿಕ್ಕಲ್ಲ, ಮರಳು ತೋಡಲಿಕ್ಕೆ. ಬೇಸಿಗೆಯಲ್ಲಿ ತುಂಗೆಯ ದಂಡೆಗೆ ಹೋದಾಗ ಒಣ ಮರಳನ್ನು ಬೆರಳು ಅಗಲಿಸಿ ತೋಡಿ ನೋಡಿ. ಅರ್ಧಕ್ಕರ್ಧ ಸಂದಿಯಲ್ಲಿ ಸೋರಿಹೋಗುತ್ತದೆ. ಬೆರಳು ಕೂಡಿಸಿದರೆ ಮಾತ್ರ ಕೈ ತುಂಬ ಬರುತ್ತದೆ, ಅಲ್ವಾ? ಈ ಹಲ್ಲಿಗೆ ಬೆರಳು ಕೂಡಿಸುವ ಕೆಲಸವನ್ನು ಆ ಚರ್ಮವೇ ಮಾಡುತ್ತದೆ. ಅದು ಬರೀ ತೊಗಲೂ ಅಲ್ಲ. ಒಳಗೆ ಪುಟ್ಟ ಮೆದುಮೂಳೆಗಳು, ಅವನ್ನು ಆಡಿಸುವ ಸ್ನಾಯುಗಳು ಇವೆ. ಸಡಿಲ ಮರಳಿನ ಮೇಲೆ ಹೂತುಹೋಗದೆ ಓಡುವುದಕ್ಕೂ ಇದೇ ಪಾದ ಬೇಕು. ಹಗಲಲ್ಲಿ ಅಲ್ಲಿನ ಮರಳು 60 ಡಿಗ್ರಿ ದಾಟಿ ಸುಡುತ್ತದೆ. ಹಾಗಾಗಿ ತಾನೇ ತೋಡಿದ ಬಿಲದಲ್ಲಿ ತಣ್ಣಗೆ ಬಿದ್ದಿದ್ದು, ಕತ್ತಲಾದ ಮೇಲೆ ಹುಳ, ಜೇಡ ಹುಡುಕಿಕೊಂಡು ಹೊರಡುತ್ತದೆ.

ಇನ್ನು ನೀರು. ನಮೀಬಿನ ಕರಾವಳಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಹತ್ತಿಪ್ಪತ್ತು ಮಿಲಿಮೀಟರ್. ಆಗುಂಬೆಯಲ್ಲಿ ಅಷ್ಟು ಮಳೆ ಒಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೊಯ್ದುಬಿಡುತ್ತದೆ! ಆದರೆ ಅಲ್ಲಿ ಮಂಜಿಗೆ ಬರವಿಲ್ಲ. ಪಕ್ಕದ ಅಟ್ಲಾಂಟಿಕ್ ಸಾಗರದಲ್ಲಿ ಬೆಂಗ್ವೆಲಾ ಎಂಬ ತಣ್ಣೀರಿನ ಪ್ರವಾಹ ಹರಿಯುತ್ತದೆ. ಅದರ ಮೇಲಿನ ತೇವದ ಗಾಳಿ ತಣಿದು ಮಂಜಾಗಿ ಮರಳುಗಾಡಿಗೆ ನುಗ್ಗುತ್ತದೆ. ಬೆಳಗ್ಗೆ ಕೆಸುವಿನ ಎಲೆ ಮೇಲೆ ಹನಿ ಕೂರುವ ಹಾಗೆ ಹಲ್ಲಿಯ ಮೈಮೇಲೂ ಹನಿ ಕೂರುತ್ತದೆ. ಅದು ನಾಲಿಗೆ ಚಾಚಿ ತನ್ನ ಮುಖ, ಕಣ್ಣು ನೆಕ್ಕಿಕೊಳ್ಳುತ್ತದೆ. ಅಷ್ಟೇ, ಬಾಯಾರಿಕೆ ತೀರಿತು.

ಇದರ ಮೈಯ ಪಕ್ಕದಲ್ಲಿ, ಕಣ್ಣಿನ ಸುತ್ತ ಅತಿನೇರಳೆ ಬೆಳಕು ಬಿದ್ದರೆ ಗಿಣಿಹಸಿರು ಹೊಳಪು ಬರುತ್ತದೆ ಎಂದು 2021ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದರು. ನೀವು ಕೇಳಲಿಲ್ಲ, ಹೇಳದೆ ಇರಲಾಗಲಿಲ್ಲ.

ನಮ್ಮಲ್ಲಿ ಬದುಕೀತೇ? ಇಲ್ಲ. ಮಲೆನಾಡಿನಲ್ಲೂ ಮಂಜಿದೆ ನಿಜ, ಆದರೆ ಒಣ ಮರಳಿಗೆ ಹೇಳಿ ಮಾಡಿಸಿದ ಪಾದ ಜಂಬಿಟ್ಟಿಗೆ ಮಣ್ಣನ್ನು ತೋಡಲಾರದು. ತೋಡಿತು ಅಂತಲೇ ಇಟ್ಟುಕೊಳ್ಳಿ, ಆಷಾಢದ ಮಳೆಗೆ ಬಿಲದ ತುಂಬ ನೀರು. ತರುವ ಯೋಚನೆಯೇ ಬೇಡ.

ಮಗಳಿಗೆ ಕಣ್ಣು ನೆಕ್ಕುವುದನ್ನು ತೋರಿಸಬೇಕಾದರೆ ರಾತ್ರಿ ಜಗಲಿಯ ಲೈಟಿನ ಹತ್ತಿರ ಸುಮ್ನೆ ಕೂರಿ. ನಮ್ಮ ಮನೆ ಹಲ್ಲಿಗೂ ರೆಪ್ಪೆ ಇಲ್ಲ. ಹುಳ ನುಂಗಿದ ಮೇಲೆ ಅದೂ ಒಮ್ಮೊಮ್ಮೆ ಹೀಗೇ ಕಣ್ಣು ಒರೆಸಿಕೊಳ್ಳುತ್ತದೆ.