ಶಟ್‌ಡೌನ್ ಆದ್ರೆ ನನ್ನ ಎಚ್-1ಬಿ ಹೋಗುತ್ತಾ?

ಇಡೀ ವರ್ಷದ ಬಜೆಟ್ ಪಾಸಾಗುವವರೆಗೆ ಸರ್ಕಾರ ನಡೆಸಲು ಅಮೆರಿಕ ಸಂಸತ್ತು ಕೊಡುವ ತಾತ್ಕಾಲಿಕ ಅನುದಾನದ ಗಡುವು ಹತ್ತಿರ ಬಂದಾಗಲೆಲ್ಲ ಅವೇ ಪ್ರಶ್ನೆಗಳು. ಈ ಸಲವೂ ಅಷ್ಟೇ. ಹಣ ನಿಂತರೆ ಶಟ್‌ಡೌನ್, ಅಂದರೆ ಹಲವು ಸರ್ಕಾರಿ ಕಚೇರಿಗಳಿಗೆ ಬೀಗ.

ಹೊಸ ಕಂಪನಿಯ ಆಫರ್ ಬಂದಿದೆ. ಅನುದಾನ ಮುಂದಿನ ತಿಂಗಳು ಮುಗಿಯುತ್ತದೆ. ಸರ್ಕಾರಕ್ಕೆ ಬೀಗ ಬಿದ್ದರೆ ನನ್ನ ಎಚ್-1ಬಿ ಉದ್ಯೋಗ ವೀಸಾ ರದ್ದಾಗುತ್ತದೆಯೇ? ‘ಶಟ್‌ಡೌನ್ ರಕ್ಷಣೆ’ಗೆಂದು ಏಜೆಂಟರೊಬ್ಬರು ಬೇರೆ ಶುಲ್ಕ ಕೇಳುತ್ತಿದ್ದಾರೆ.

ರದ್ದಾಗುವುದಿಲ್ಲ. ಆ ಏಜೆಂಟರಿಗೆ ಬಿಡಿಗಾಸೂ ಕೊಡಬೇಡಿ, ಅಂಥ ರಕ್ಷಣೆ ಎಲ್ಲೂ ಇಲ್ಲ. ನೀವು ಕೇಳಬೇಕಿದ್ದದ್ದು ಎಲ್‌ಸಿಎ ಬಗ್ಗೆ, ಅಂದರೆ ನಿಮ್ಮ ಸಂಬಳ, ಕೆಲಸದ ಷರತ್ತುಗಳ ಕುರಿತು ಕಂಪನಿ ಕಾರ್ಮಿಕ ಇಲಾಖೆಗೆ ಸಲ್ಲಿಸುವ ಘೋಷಣಾಪತ್ರದ ಬಗ್ಗೆ.

ಎಚ್-1ಬಿ ಅರ್ಜಿ ನೋಡುವ ವಲಸೆ ಸಂಸ್ಥೆ ಯುಎಸ್‌ಸಿಐಎಸ್ ಬಹುಪಾಲು ಅರ್ಜಿದಾರರ ಶುಲ್ಕದಲ್ಲೇ ನಡೆಯುತ್ತದೆ. ಬಜೆಟ್ ಇಲ್ಲದಿದ್ದರೂ ಬಾಗಿಲು ತೆರೆದಿರುತ್ತದೆ. ಆದರೆ ಅರ್ಜಿಯ ಜೊತೆ ಇಡಬೇಕಾದ ಎಲ್‌ಸಿಎಗೆ ಮುದ್ರೆ ಒತ್ತುವುದು ಕಾರ್ಮಿಕ ಇಲಾಖೆ. ಅದಕ್ಕೆ ಸಂಸತ್ತು ಕೊಡುವ ಹಣವೇ ಗತಿ. 2025ರ ಅಕ್ಟೋಬರ್ 1ರಂದು ಹಣ ನಿಂತಾಗ ಎಲ್‌ಸಿಎ ಹಾಕುವ ಅದರ ‘ಫ್ಲ್ಯಾಗ್’ ಪೋರ್ಟಲ್ಲೂ ನಿಂತಿತು; ಮತ್ತೆ ತೆರೆದದ್ದು ತಿಂಗಳ ಕೊನೆಗೆ. 2018–19ರ 35 ದಿನಗಳ ಶಟ್‌ಡೌನ್‌ನಲ್ಲಿ ಮಾತ್ರ ಎಲ್‌ಸಿಎ ಸಲೀಸಾಗಿ ಸಿಗುತ್ತಿತ್ತು, ಏಕೆಂದರೆ ಆ ಇಲಾಖೆಯ ಇಡೀ ವರ್ಷದ ಮಸೂದೆ ಮೊದಲೇ ಪಾಸಾಗಿತ್ತು. ಹಾಗಾಗಿ ಟಿವಿ ಮುಂದೆ ಕೂತು ತಲೆ ಕೆಡಿಸಿಕೊಳ್ಳಬೇಡಿ. 12 ಅನುದಾನ ಮಸೂದೆಗಳಲ್ಲಿ ಕಾರ್ಮಿಕ ಇಲಾಖೆಯದ್ದು ಪಾಸಾಗಿದೆಯೇ, ಅಷ್ಟು ನೋಡಿ.

ಆಗಿಲ್ಲವೆಂದರೆ ಗಡುವಿಗೆ ಕನಿಷ್ಠ ಮೂರು ವಾರ ಮೊದಲೇ ಎಲ್‌ಸಿಎ ಹಾಕಿಸಿ. ಕೆಲಸ ಶುರುವಾಗುವ ದಿನಕ್ಕೆ 6 ತಿಂಗಳು ಮುಂಚೆಯೇ ಹಾಕಲು ಅವಕಾಶವಿದೆ. ತೀರ್ಮಾನಕ್ಕೆ ಹಿಡಿಯುವುದು 7 ಕೆಲಸದ ದಿನ. ಆದರೆ ಕಂಪನಿ ಸಣ್ಣದು, ಹೊಸದು ಆಗಿದ್ದರೆ ಅದರ ತೆರಿಗೆ ಸಂಖ್ಯೆ ತಾಳೆಯಾಗದೆ ಅರ್ಜಿ ವಾಪಸ್ ಬರುವುದುಂಟು. ಆಗ ದಾಖಲೆ ಕೊಟ್ಟು ಮತ್ತೆ ಹಾಕಬೇಕು, ಮತ್ತೆ 7 ದಿನ. ಮುದ್ರೆ ಬಿದ್ದ ಎಲ್‌ಸಿಎ ಕೈಯಲ್ಲಿದ್ದರೆ ಶಟ್‌ಡೌನ್ ನಡುವೆಯೂ ಎಚ್-1ಬಿ ಅರ್ಜಿ ಹಾಕಬಹುದು, ಅದು ಯುಎಸ್‌ಸಿಐಎಸ್‌ಗೆ ತಲುಪಿದ ಮೇಲೆ ಹೊಸ ಕೆಲಸಕ್ಕೆ ಸೇರಬಹುದು.

ಅಲ್ಲಿಯವರೆಗೆ ರಾಜೀನಾಮೆ ಮಾತ್ರ ಕೊಡಬೇಡಿ. ಕೆಲಸ ಬಿಟ್ಟ ಮೇಲೆ ಅಮೆರಿಕದಲ್ಲಿ ಉಳಿಯಲು ಸಿಗುವ 60 ದಿನಗಳವರೆಗಿನ ಗ್ರೇಸ್ ಅವಧಿ, ಇಲಾಖೆಗೆ ಬೀಗ ಬಿದ್ದಿದೆಯೆಂದು ನಿಂತು ಕಾಯುವುದಿಲ್ಲ. ಶಟ್‌ಡೌನ್‌ನಿಂದ ತಡವಾದ ಅರ್ಜಿಗಳನ್ನು 2025ರಲ್ಲಿ ವಿಶೇಷವಾಗಿ ಪರಿಗಣಿಸಿದ್ದು ನಿಜ. ಅದು ಅಧಿಕಾರಿಯ ವಿವೇಚನೆ, ನಿಮ್ಮ ಹಕ್ಕಲ್ಲ.

ಗ್ರೀನ್‌ಕಾರ್ಡ್‌ನ ಪರ್ಮ್ ಹಂತದಲ್ಲಿರುವವರು, ಅಂದರೆ ಹುದ್ದೆಗೆ ಅಮೆರಿಕದವರು ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಯಿಂದ ದೃಢೀಕರಣ ಪಡೆಯುವ ಹಂತದವರು, ಇನ್ನೂ ಹುಷಾರಾಗಿರಬೇಕು. ಉದ್ಯೋಗದ ಜಾಹೀರಾತು 180 ದಿನಕ್ಕೆ ಹಳಸುತ್ತದೆ; ಅಷ್ಟರೊಳಗೆ ಅದೇ ಇಲಾಖೆಗೆ ಅರ್ಜಿ ಹಾಕಿರಬೇಕು. 170ನೇ ದಿನದವರೆಗೆ ಫೈಲು ಇಟ್ಟುಕೊಂಡು ಕೂರುವ ವಕೀಲರನ್ನು ಇಂದೇ ಎಬ್ಬಿಸಿ.

ತಾತ್ಕಾಲಿಕ ಅನುದಾನ ಪಾಸಾದರೆ ಹೊಸ ಯೋಜನೆಗಳು ಬರುತ್ತವೆಯೇ?

ಇಲ್ಲ. ಹಳೆಯ ವೆಚ್ಚದ ದರ, ಹಳೆಯ ಕೆಲಸ. ಹೊಸದಕ್ಕೆ ಸಾಮಾನ್ಯವಾಗಿ ಕೈ ಹಾಕುವಂತಿಲ್ಲ.

ಮೆಡಿಕೇರ್ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಕೊಡುವ ಟೆಲಿಹೆಲ್ತ್, ಅಂದರೆ ಫೋನ್-ವಿಡಿಯೊ ವೈದ್ಯಸಲಹೆಯ ಸವಲತ್ತು ಮುಂದುವರಿದಿದೆಯಂತೆ. ಪ್ರವಾಸಿ ವೀಸಾದಲ್ಲಿ ಬಂದಿರುವ ಅಮ್ಮನಿಗೆ ಸಿಗುತ್ತದೆಯೇ?

ಅವರಿಗೆ ಮೆಡಿಕೇರೇ ಇಲ್ಲ. ಪ್ರವಾಸಿ ವಿಮೆ ಮಾಡಿಸಿ.

ನಮ್ಮ ದೇವಸ್ಥಾನದಲ್ಲಿ ಮಕ್ಕಳಿಗೆ ವೇದಪಾಠ ಹೇಳುವವರ ಗ್ರೀನ್‌ಕಾರ್ಡ್ ಅರ್ಜಿ ಬಾಕಿಯಿದೆ. ಗಡುವಿನೊಳಗೆ ಅರ್ಜಿ ಹಾಕಿದ್ದೇವಲ್ಲ, ಸಾಲದೇ?

ಸಾಲದು. ಅರ್ಚಕರ ಗ್ರೀನ್‌ಕಾರ್ಡ್ ವರ್ಗ ಕಾಯಂ. ಅರ್ಚಕರಲ್ಲದ ಧಾರ್ಮಿಕ ಕೆಲಸಗಾರರ ವರ್ಗಕ್ಕೆ ಮಾತ್ರ ಪ್ರತಿ ಸಲ ಸಂಸತ್ತೇ ಆಯಸ್ಸು ಹೆಚ್ಚಿಸಬೇಕು. ಅದು 2025ರ ಸೆಪ್ಟೆಂಬರ್ 30ಕ್ಕೆ ಮುಗಿದು, ನವೆಂಬರ್ 12ರ ಕಾಯ್ದೆಯಿಂದ 2026ರ ಜನವರಿ 30ರವರೆಗೆ ಜೀವ ಪಡೆಯಿತು. ಗಡುವು ಯಾವುದೇ ಆಗಿರಲಿ, ಅದರೊಳಗೆ ಅರ್ಜಿ ಮಂಜೂರಾಗಿರಬೇಕು. ಭಾರತದಿಂದ ಬರುವವರಾದರೆ ಅಷ್ಟರೊಳಗೆ ಅಮೆರಿಕದ ನೆಲ ಮುಟ್ಟಿರಬೇಕು. ವೀಸಾ ಮುದ್ರೆ ಬಿತ್ತೆಂದು ಊರ ಜಾತ್ರೆ ಮುಗಿಸಿಕೊಂಡು ನಿಧಾನಕ್ಕೆ ಹೊರಡುವ ಹಾಗಿಲ್ಲ.