ವಿಂಗ್‌ಸೂಟ್ ಹಾಕಿ ಹಾರುವವರು ಪ್ಯಾರಾಶೂಟ್ ಇಲ್ಲದೆ ಯಾಕೆ ಇಳಿಯಲಾರರು?

ಸುರಕ್ಷಿತವಾಗಿ ನೆಲ ಮುಟ್ಟುವಷ್ಟು ವೇಗ ತಗ್ಗಿಸಲು ಆ ರೆಕ್ಕೆ ಸಾಲದು, ಅದಕ್ಕೇ.

ವಿಂಗ್‌ಸೂಟ್ ಅಂದರೆ ತೋಳು ಮತ್ತು ಮೈ ನಡುವೆ, ಎರಡು ಕಾಲುಗಳ ನಡುವೆ ಬಟ್ಟೆ ಹೊಲಿದ ಉಡುಪು. ಮುಂದಿನ ಸಂದುಗಳಿಂದ ಗಾಳಿ ನುಗ್ಗಿ ಬಟ್ಟೆ ದಿಂಬಿನಂತೆ ಉಬ್ಬುತ್ತದೆ, ಮೈಯೇ ರೆಕ್ಕೆಯಾಗುತ್ತದೆ. ಆದರೆ ಎಂಜಿನ್ ಇಲ್ಲವಲ್ಲ! ನಿಜವಾಗಿ ಅದು ಹಾರಾಟವಲ್ಲ, ಓರೆಯಾಗಿ ಬೀಳುವುದು: ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ ಸುಮಾರು ಎರಡೂವರೆ ಮೀಟರ್ ಮುಂದೆ.

ರೆಕ್ಕೆಯ ಎತ್ತುವ ಬಲ ಮುಖ್ಯವಾಗಿ ಎರಡರ ಮೇಲೆ ನಿಂತಿದೆ: ರೆಕ್ಕೆಯ ವಿಸ್ತಾರ ಮತ್ತು ವೇಗದ ವರ್ಗ (ವೇಗವನ್ನು ವೇಗದಿಂದಲೇ ಗುಣಿಸಿದ್ದು). ರೆಕ್ಕೆ ಚಿಕ್ಕದಾದಷ್ಟೂ ಮನುಷ್ಯನ ಭಾರ ಹೊರಲು ವೇಗ ಹೆಚ್ಚು ಬೇಕು. ವಿಂಗ್‌ಸೂಟ್‌ನ ಬಟ್ಟೆ ತೀರಾ ಸಣ್ಣದು, ಹಾಗಾಗಿ ಗಂಟೆಗೆ ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ನುಗ್ಗುತ್ತಲೇ ಇರಬೇಕು. ಹದ್ದಿನ ಹಾಗೆ ಕೊನೆಯಲ್ಲಿ ಮೈ ಎತ್ತಿ ವೇಗ ಮುರಿಯಲು ಹೋದರೆ ಬಲ ತಪ್ಪಿ ಕಲ್ಲಿನಂತೆ ಬೀಳುತ್ತೀರಿ. ಪ್ಯಾರಾಶೂಟ್‌ನ ಬಟ್ಟೆ ಇದರ ಹಲವು ಪಟ್ಟು ದೊಡ್ಡದು, ಕಡಿಮೆ ವೇಗದಲ್ಲೂ ಭಾರ ಹೊರುತ್ತದೆ.

ಹಾಗಂತ ಯಾರೂ ಇಳಿದೇ ಇಲ್ಲವೆ? ಒಬ್ಬರಿದ್ದಾರೆ. ಬ್ರಿಟನ್ನಿನ ಸಾಹಸ ಕಲಾವಿದ ಗ್ಯಾರಿ ಕಾನರಿ 2012ರ ಮೇ 23ರಂದು ಇಂಗ್ಲೆಂಡಿನಲ್ಲಿ ಸುಮಾರು 2,400 ಅಡಿ ಎತ್ತರದ ಹೆಲಿಕಾಪ್ಟರ್‌ನಿಂದ ಜಿಗಿದು, ಪ್ಯಾರಾಶೂಟ್ ಬಿಚ್ಚದೆ ಇಳಿದರು. ಇಳಿದದ್ದು ನೆಲಕ್ಕಲ್ಲ ಅನ್ನಿ, ಪೇರಿಸಿಟ್ಟ ಸುಮಾರು 18,600 ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆ. ರೆಕ್ಕೆ ಮಾಡಲಾಗದ ಕೆಲಸವನ್ನು ರಟ್ಟು ಮಾಡಿತು.